ಹಳದಿ ಡಬ್ಬಿ ಓಲ್ಡ್ ಬೇನ ಬಂಗುಡೆ ಸಾರಿಗೆ ಹಾಕ್ಬೋದಾ?

ಪ್ರಶ್ನೆ: ಮಗಳು ಅಮೆರಿಕದ ಮೇರಿಲ್ಯಾಂಡಿಂದ ಬರ್ತಾ ಓಲ್ಡ್ ಬೇ ಅಂತ ಒಂದು ಡಬ್ಬಿ ತಂದಿದಾಳೆ, ಸೀಫುಡ್ ಮಸಾಲೆ ಅಂತೆ. ಬಂಗುಡೆ ಸಾರಿಗೆ ಖಾರದ ಪುಡಿ ಬದ್ಲು ಇದನ್ನೇ ಹಾಕ್ಲಾ?

ಉತ್ತರ: ಬೇಡಿ. ನಾನು ಅದೇ ಕೆಲ್ಸ ಮಾಡಿ ಕೈ ಸುಟ್ಕೊಂಡಿದೀನಿ, ಸಿಗಡಿಗೆ ಎಂದಿನ ಹಾಗೆ ಉಪ್ಪು ಹುಳಿ ಅರಿಶಿನ ಹಚ್ಚಿಟ್ಟು ಮೇಲಿಂದ ಇದನ್ನ ಎರಡು ಚಮಚ ಸುರಿದೆ, ಬಾಯಿಗಿಡೋಕೆ ಆಗ್ಲಿಲ್ಲ, ಬರೀ ಉಪ್ಪು. ಡಬ್ಬಿ ತಿರುಗಿಸಿ ನೋಡಿ, ಮೊದಲನೇ ಐಟಮ್ಮೇ ಸೆಲರಿ ಸಾಲ್ಟು, ಅಂದ್ರೆ ಸೆಲರಿ ಬೀಜ ಬೆರೆಸಿದ ಉಪ್ಪು, ಆಮೇಲೆ ಕೆಂಪು ಮೆಣಸು, ಕಾಳುಮೆಣಸು, ಪ್ಯಾಪ್ರಿಕಾ ಅನ್ನೋ ಖಾರ ಕಮ್ಮಿ ಇರೋ ಮೆಣಸಿನ ಪುಡಿ. ಒಟ್ಟು 18 ಸಾಮಾನು ಅಂತಾರೆ, ಎಲ್ಲಾನೂ ಹೆಸರು ಹಾಕಿ ಹೇಳಲ್ಲ.

ಇದನ್ನ ಮಾಡಿದ್ದು ಗುಸ್ಟಾವ್ ಬ್ರುನ್ ಅಂತ ಜರ್ಮನಿಯ ಯಹೂದಿ ಮಸಾಲೆ ವ್ಯಾಪಾರಿ, ನಾಜಿಗಳ ಕೈಯಿಂದ ತಪ್ಪಿಸ್ಕೊಂಡು ಮೇರಿಲ್ಯಾಂಡಿನ ಬಾಲ್ಟಿಮೋರ್ ಸೇರ್ಕೊಂಡು 1939ರಲ್ಲಿ ಶುರು ಮಾಡಿದ್ರು. ಹೆಸರು ಚೆಸಾಪೀಕ್ ಕೊಲ್ಲಿಲಿ ಓಡಾಡ್ತಿದ್ದ ಓಲ್ಡ್ ಬೇ ಲೈನ್ ಅನ್ನೋ ಹಡಗು ಕಂಪನಿದು. ಆಗ ಅಲ್ಲಿ ಏಡಿ ಎಷ್ಟು ಅಗ್ಗ ಅಂದ್ರೆ ಬಾರ್‌ಗಳಲ್ಲಿ ಪುಕ್ಸಟ್ಟೆ ಕೊಡ್ತಿದ್ರಂತೆ, ಉಪ್ಪು ಖಾರ ತಿಂದ್ಮೇಲೆ ಬಿಯರ್ ಬೇಕೇ ಬೇಕಲ್ಲ!

ಮೇರಿಲ್ಯಾಂಡಿನವರು ಇದನ್ನ ಸಾರಲ್ಲಿ ಕುದಿಸಲ್ಲ. ಪಾತ್ರೆ ತಳಕ್ಕೆ ವಿನಿಗರ್ ಜೊತೆ ನೀರೋ ಬಿಯರ್ರೋ ಹಾಕಿ, ಮೇಲೆ ತಟ್ಟೇಲಿ ಏಡಿ ಒಂದರ ಮೇಲೊಂದು ಜೋಡಿಸಿ, ಪ್ರತಿ ಸಾಲಿಗೂ ಪುಡಿ ಉದುರಿಸಿ ಹಬೇಲಿ ಬೇಯಿಸ್ತಾರೆ. ಪೇಪರ್ ಹಾಸಿ ಮರದ ಸುತ್ತಿಗೇಲಿ ಚಿಪ್ಪು ಒಡೆಯೋವಾಗ ಆ ಪುಡಿ ಬೆರಳಿಗೆ ಹತ್ತುತ್ತೆ, ಬೆರಳಿಂದ ಮಾಂಸಕ್ಕೆ, ಅಷ್ಟೇ, ಒಳಗಿನ ಮಾಂಸ ಸಿಹಿಸಿಹಿಯಾಗೇ ಇರುತ್ತೆ. ನಮ್ದು ಹಾಗಲ್ಲ, ಬ್ಯಾಡಗಿ ಕೊತ್ತಂಬರಿ ಹುರಿದು ತೆಂಗಿನಕಾಯಿ ಜೊತೆ ಅರೆದು ಕುದಿಸೋದು. ಓಲ್ಡ್ ಬೇನ ಚಾಟ್ ಮಸಾಲೆ ತರ ಅಂದ್ಕೊಳ್ಳಿ, ಕೊನೇಲಿ ಮೇಲೆ ಉದುರಿಸೋಕೆ.

ಬೆಣ್ಣೇಲಿ ಬಾಡಿಸಿದ ಸಿಗಡಿಗೆ ಕಾಲು ಕೇಜಿಗೆ ಮುಕ್ಕಾಲು ಚಮಚ ಸಾಕು, ಬೇರೆ ಉಪ್ಪು ಬೇಡ, ನಿಂಬೆ ಹಿಂಡಿ. ಬೇಯಿಸಿದ ಮೊಟ್ಟೆ, ಜೋಳದ ತೆನೆ, ಆಲೂ ಫ್ರೈಗೂ ಸೂಪರ್, ನನ್ನ ಕೇಳಿದ್ರೆ ಪಾಪ್‌ಕಾರ್ನ್‌ಗೇ ಬೆಸ್ಟು. ಆದ್ರೆ ಶೇಕರ್‌ನ ಬಿಸಿ ಪಾತ್ರೆ ಮೇಲೆ ಹಿಡಿದು ಅಲ್ಲಾಡಿಸ್ಬೇಡಿ, ಹಬೆ ತಾಗಿ ತೂತೆಲ್ಲಾ ಕಟ್ಕೊಳ್ಳುತ್ತೆ, ಅಂಗೈಗೆ ಸುರ್ಕೊಂಡು ಹಾಕಿ.