ಅರೆತಲೆನೋವಿಗೆ ರಕ್ತದೊತ್ತಡದ ಮಾತ್ರೆ ಏಕೆ?

ಮೈಗ್ರೇನ್ ಎಂದು ವೈದ್ಯರ ಬಳಿ ಹೋದವರು ಬಿಪಿ ಮಾತ್ರೆಯ ಚೀಟಿ ಹಿಡಿದು ಹೊರಬಂದರೆ, 'ನನಗೆ ರಕ್ತದೊತ್ತಡವೇ ಇಲ್ಲವಲ್ಲ' ಎಂದು ಗೊಂದಲಗೊಳ್ಳುವುದು ಸಹಜ. ಆದರೆ ಇಲ್ಲಿ ಮಾತ್ರೆಯನ್ನು ಕೊಡುತ್ತಿರುವುದು ಒತ್ತಡ ಇಳಿಸಲಿಕ್ಕಲ್ಲ, ಬಂದ ನೋವನ್ನು ಶಮನ ಮಾಡಲಿಕ್ಕೂ ಅಲ್ಲ. ಪದೇ ಪದೇ ಮರುಕಳಿಸುವ ನೋವಿನ ದಿನಗಳನ್ನು ಕಡಿಮೆ ಮಾಡಲಿಕ್ಕೆ.

ಈ ಉಪಯೋಗ ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. ಬ್ರಿಟನ್ನಿನ ಔಷಧವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಅವರ ಸಂಶೋಧನೆಯಿಂದ 1960ರ ದಶಕದಲ್ಲಿ ರೂಪುಗೊಂಡ ಪ್ರೊಪ್ರನೊಲಾಲ್ ಹೃದಯದ ಔಷಧವಾಗಿತ್ತು. ಎದೆನೋವಿಗೆ ಅದನ್ನು ಸೇವಿಸುತ್ತಿದ್ದ ರೋಗಿಯೊಬ್ಬರಿಗೆ ಮೈಗ್ರೇನ್ ಕೂಡ ಹತೋಟಿಗೆ ಬಂದುದನ್ನು 1966ರಲ್ಲಿ ವೈದ್ಯರು ವರದಿ ಮಾಡಿದರು.

ರಕ್ತದೊತ್ತಡ ಇಳಿದುದರಿಂದಲೇ ತಲೆನೋವು ತಗ್ಗಿತು ಎಂದು ಊಹಿಸುವುದು ಸುಲಭ. ಈ ಊಹೆಯನ್ನು ಅಲುಗಾಡಿಸುವುದು ಪಿಂಡೊಲಾಲ್ ಎಂಬ ಇನ್ನೊಂದು ಔಷಧ. ಅದೂ ಪ್ರೊಪ್ರನೊಲಾಲ್‌ನಂತೆಯೇ ಬೀಟಾ ಗ್ರಾಹಕಗಳನ್ನು, ಅಂದರೆ ಅಡ್ರಿನಲಿನ್‌ನಂಥ ರಾಸಾಯನಿಕಗಳ ಸಂದೇಶವನ್ನು ಜೀವಕೋಶಗಳಲ್ಲಿ ಸ್ವೀಕರಿಸುವ ಅಣುಗಳನ್ನು, ತಡೆಯುತ್ತದೆ, ಒತ್ತಡವನ್ನೂ ಇಳಿಸುತ್ತದೆ. ಆದರೆ ತಾನು ತಡೆಯುವ ಗ್ರಾಹಕವನ್ನೇ ಒಂದಿಷ್ಟು ಉದ್ದೀಪಿಸುವ ಗುಣ ಅದಕ್ಕಿದೆ, ಮತ್ತು ಮೈಗ್ರೇನ್ ತಡೆಯುವುದರಲ್ಲಿ ಅದು ಪ್ರಯೋಜನ ತೋರಿಸಿಲ್ಲ. ಒತ್ತಡ ಇಳಿಸುವುದೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ಹಾಗಾದರೆ ಔಷಧ ಕೆಲಸ ಮಾಡುವುದೆಲ್ಲಿ? ಬ್ರೆಜಿಲ್‌ನ ವಿಜ್ಞಾನಿ ಅರಿಸ್ಟಿಡಿಸ್ ಲಿಯಾವ್ 1944ರಲ್ಲಿ ಮೊಲದ ಮಿದುಳಿನ ಹೊರಪದರದಲ್ಲಿ ಒಂದು ವಿಚಿತ್ರ ಅಲೆಯನ್ನು ವಿವರಿಸಿದ್ದರು. ನಿಮಿಷಕ್ಕೆ ಮೂರರಿಂದ ಐದು ಮಿಲಿಮೀಟರಿನಷ್ಟು ನಿಧಾನವಾಗಿ ಹರಡುತ್ತ, ಹಾದುಹೋದ ಕಡೆಯಲ್ಲೆಲ್ಲ ನರಕೋಶಗಳನ್ನು ಕೆಲಹೊತ್ತು ಮೌನಗೊಳಿಸುವ ಈ ಅಲೆಯೇ, ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಕಾಣುವ ಮಿನುಗುವ ಅಂಕುಡೊಂಕು ಗೆರೆಗಳ ಮೂಲ ಎಂದು ಭಾವಿಸಲಾಗಿದೆ. 2006ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಅಧ್ಯಯನವೊಂದು, ಪ್ರೊಪ್ರನೊಲಾಲನ್ನು ಅನೇಕ ವಾರ ಕೊಟ್ಟಾಗ ಈ ಅಲೆಗಳು ಏಳುವ ಪ್ರಮಾಣ ತಗ್ಗುವುದನ್ನು ತೋರಿಸಿತು. ಮಾತ್ರೆ ಆರಂಭಿಸಿ ಎರಡು ವಾರಕ್ಕೇ 'ಗುಣ ಕಾಣಲಿಲ್ಲ' ಎಂದು ಕೈಬಿಡಬಾರದೆಂದೂ, ಸರಿಯಾದ ಪ್ರಮಾಣ ತಲುಪಿದ ಮೇಲೆ ಎರಡು ಮೂರು ತಿಂಗಳು ಕಾಯಬೇಕೆಂದೂ ವೈದ್ಯರು ಹೇಳುವುದಕ್ಕೂ ಇದು ಹೊಂದಿಕೊಳ್ಳುತ್ತದೆ.

ಬೀಟಾ ಗ್ರಾಹಕಗಳನ್ನು ತಡೆಯುವ ಔಷಧಗಳಷ್ಟೇ ಅಲ್ಲ, ಬೇರೆ ದಾರಿಯಲ್ಲಿ ಒತ್ತಡ ಇಳಿಸುವ ಕ್ಯಾಂಡೆಸಾರ್ಟಾನ್ ಕೂಡ ಉಪಯುಕ್ತವೆಂದು ನಾರ್ವೆಯ ಸಂಶೋಧಕರು 2003ರಲ್ಲಿ ತೋರಿಸಿದರು. ಅರವತ್ತು ಮಂದಿ ಸೇರಿದ್ದ ಆ ಪ್ರಯೋಗದಲ್ಲಿ ಒಬ್ಬೊಬ್ಬರಿಗೂ ಹುಸಿಮಾತ್ರೆಯನ್ನೂ ನಿಜ ಮಾತ್ರೆಯನ್ನೂ ತಲಾ ಹನ್ನೆರಡು ವಾರ ಕೊಡಲಾಗಿತ್ತು. ಆ ಅವಧಿಯಲ್ಲಿ ತಲೆನೋವಿನ ದಿನಗಳು ಹುಸಿಮಾತ್ರೆಯಲ್ಲಿ ಸರಾಸರಿ 18.5, ಕ್ಯಾಂಡೆಸಾರ್ಟಾನ್‌ನಲ್ಲಿ 13.6. ಪವಾಡವೇನಲ್ಲ, ಆದರೂ ಹಾಸಿಗೆ ಹಿಡಿಸುವ ನೋವಿನಲ್ಲಿ ಐದು ದಿನ ತಪ್ಪಿದರೂ ಅದು ಸಣ್ಣ ಸಂಗತಿಯಲ್ಲ.

ಯಾರಿಗೆ ಯಾವುದು ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ರೋಗಿಯ ಉಳಿದ ಆರೋಗ್ಯ. ಆಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಶ್ವಾಸನಾಳಗಳನ್ನು ಬಿಗಿಗೊಳಿಸಬಲ್ಲದು. ಗರ್ಭಿಣಿಯರಿಗೆ ಕ್ಯಾಂಡೆಸಾರ್ಟಾನ್ ಸಲ್ಲದು, ಅದು ಭ್ರೂಣಕ್ಕೆ ಹಾನಿಕರ. ಪ್ರೊಪ್ರನೊಲಾಲನ್ನು ಹಠಾತ್ತನೆ ನಿಲ್ಲಿಸದೆ ಕ್ರಮೇಣ ತಗ್ಗಿಸಬೇಕು. ನೋವು ಬಂದಾಗ ರಿಜಾಟ್ರಿಪ್ಟಾನ್ ನುಂಗುವವರು ತಾವು ಪ್ರೊಪ್ರನೊಲಾಲ್ ಸೇವಿಸುತ್ತಿರುವುದನ್ನು ವೈದ್ಯರಿಗೆ ತಿಳಿಸಲೇಬೇಕು, ಏಕೆಂದರೆ ಪ್ರೊಪ್ರನೊಲಾಲ್ ರಕ್ತದಲ್ಲಿ ರಿಜಾಟ್ರಿಪ್ಟಾನ್ ಪ್ರಮಾಣವನ್ನು ಏರಿಸುತ್ತದೆ; ಆದ್ದರಿಂದ ವಾಡಿಕೆಯ 10 ಮಿಲಿಗ್ರಾಂ ಬದಲು 5 ಮಿಲಿಗ್ರಾಂ ರಿಜಾಟ್ರಿಪ್ಟಾನ್ ಮಾತ್ರೆಯನ್ನೇ ಬರೆದುಕೊಡಲಾಗುತ್ತದೆ.