ಚಿನ್ನದ ನ್ಯಾನೊಕಣಗಳು: ಬೇರ್ಪಡಿಸದೆ ಅಳೆದರೆ ಏನಾಗುತ್ತದೆ?

ಕುದಿಯುತ್ತಿರುವ ಚಿನ್ನದ ಲವಣದ ದ್ರಾವಣಕ್ಕೆ ಸಿಟ್ರೇಟ್ ಸೇರಿಸಿದರೆ ಕೆಲವೇ ನಿಮಿಷಗಳಲ್ಲಿ ಅದು ಮಾಣಿಕ್ಯದ ಕೆಂಪಿಗೆ ತಿರುಗುತ್ತದೆ. ಟರ್ಕೆವಿಚ್ ಮತ್ತು ಸಂಗಡಿಗರು 1951ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಸುಮಾರು 20 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯ ಒಂದು ಭಾಗ) ವ್ಯಾಸದ ಕಣಗಳು ದೊರೆಯುತ್ತವೆ. ಆದರೆ ಈ 20 ಎಂಬುದು ಸರಾಸರಿ ಮಾತ್ರ. ಅದಕ್ಕಿಂತ ಚಿಕ್ಕವೂ ದೊಡ್ಡವೂ ಅದೇ ದ್ರವದಲ್ಲಿ ಬೆರೆತಿರುತ್ತವೆ.

ಇವನ್ನು ಗಾತ್ರದ ಪ್ರಕಾರ ಬೇರ್ಪಡಿಸಲು ಸಾಮಾನ್ಯವಾಗಿ ಬಳಸುವುದು ಸೆಂಟ್ರಿಫ್ಯೂಜ್, ಅಂದರೆ ದ್ರವವನ್ನು ಅತಿ ವೇಗವಾಗಿ ತಿರುಗಿಸುವ ಯಂತ್ರ. ಕಣವು ತಳಕ್ಕಿಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, 20 ನ್ಯಾನೊಮೀಟರಿನ ಕಣ 10 ನ್ಯಾನೊಮೀಟರಿನದಕ್ಕಿಂತ ನಾಲ್ಕು ಪಟ್ಟು ಬೇಗ ಇಳಿಯುತ್ತದೆ. ತಳದಲ್ಲಿ ದಟ್ಟವಾಗಿದ್ದು ಮೇಲಕ್ಕೆ ಹೋದಂತೆ ತೆಳುವಾಗುವ ಸುಕ್ರೋಸ್ ದ್ರಾವಣದ ಮೇಲೆ ಕಣಗಳನ್ನು ಸುರಿದು ತಿರುಗಿಸಿದರೆ, ಗಾತ್ರಕ್ಕೆ ತಕ್ಕಂತೆ ಬೇರೆಬೇರೆ ಎತ್ತರದಲ್ಲಿ ಬಣ್ಣದ ಪಟ್ಟಿಗಳು ಮೂಡುತ್ತವೆ. ಇಲ್ಲಿ ಯಂತ್ರವನ್ನು ಸಕಾಲದಲ್ಲಿ ನಿಲ್ಲಿಸುವುದೇ ಮುಖ್ಯ, ಏಕೆಂದರೆ ಚಿನ್ನದ ಸಾಂದ್ರತೆ ನೀರಿನ 19 ಪಟ್ಟಿಗೂ ಹೆಚ್ಚು. ಯಾವ ಸಕ್ಕರೆ ದ್ರಾವಣವೂ ಅದನ್ನು ತಡೆದು ನಿಲ್ಲಿಸಲಾರದು. ಅತಿಯಾಗಿ ತಿರುಗಿಸಿದರೆ ತಳದಲ್ಲಿ ಒತ್ತಿಕೊಂಡ ಕಣಗಳು ಒಂದಕ್ಕೊಂದು ಅಂಟಬಹುದು. ಮತ್ತೆ ಕದಡಿದಾಗ ಕೆಂಪಿನ ಬದಲು ನೀಲಿ ಅಥವಾ ಬೂದು ಛಾಯೆ ಕಂಡರೆ ಆ ಮಾದರಿ ಕೆಟ್ಟಿತೆಂದೇ ಅರ್ಥ.

ಅಳತೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಒಣಗಿಸಿದ ಕಣದ ಲೋಹದ ತಿರುಳನ್ನಷ್ಟೇ ತೋರಿಸಿದರೆ, ಬೆಳಕಿನ ಚದುರುವಿಕೆಯನ್ನು ಆಧರಿಸಿದ ಡಿಎಲ್‌ಎಸ್ ಉಪಕರಣವು ದ್ರವದಲ್ಲಿ ಕಣದ ಅಡ್ಡಾದಿಡ್ಡಿ ಚಲನೆಯನ್ನು ಗಮನಿಸಿ, ಹೊರಲೇಪವನ್ನೂ ಜೊತೆಯಲ್ಲಿ ಸಾಗುವ ನೀರಿನ ಪದರವನ್ನೂ ಸೇರಿಸಿಯೇ ವ್ಯಾಸವನ್ನು ಹೇಳುತ್ತದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 10 ನ್ಯಾನೊಮೀಟರ್ ಎಂದು ಹೆಸರಿಸಿದ ಚಿನ್ನದ ಮಾದರಿಗೆ ಸೂಕ್ಷ್ಮದರ್ಶಕದಲ್ಲಿ ಸುಮಾರು 9, ಡಿಎಲ್‌ಎಸ್‌ನಲ್ಲಿ 13ಕ್ಕಿಂತ ತುಸು ಹೆಚ್ಚು ಬರುತ್ತದೆ. ಎರಡೂ ಸರಿಯಾದ ಅಳತೆಗಳೇ.

ನಿಜವಾದ ಅಪಾಯವಿರುವುದು ಮಿಶ್ರಣದಲ್ಲಿ. ಇಷ್ಟು ಚಿಕ್ಕ ಕಣಗಳು ಚದುರಿಸುವ ಬೆಳಕು ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುವುದರಿಂದ, 100 ನ್ಯಾನೊಮೀಟರಿನ ಒಂದು ಕಣ 10 ನ್ಯಾನೊಮೀಟರಿನ ಸುಮಾರು ಹತ್ತು ಲಕ್ಷ ಕಣಗಳಷ್ಟು ಬೆಳಕನ್ನು ಚದುರಿಸುತ್ತದೆ. ಅಂಟಿಕೊಂಡ ಕೆಲವೇ ಮುದ್ದೆಗಳಿದ್ದರೂ ಉಪಕರಣ ಉಳಿದೆಲ್ಲವನ್ನೂ ಮರೆಮಾಚುವ ಉತ್ತರ ಕೊಡುತ್ತದೆ. ಆದ್ದರಿಂದಲೇ ಬೇರ್ಪಡಿಸುವಿಕೆಯನ್ನು ಅಳತೆಯ ಮೊದಲ ಹೆಜ್ಜೆಯೆಂದೇ ನಾನು ಭಾವಿಸುತ್ತೇನೆ. ರಸಾಯನಶಾಸ್ತ್ರಜ್ಞ ಗಿಡ್ಡಿಂಗ್ಸ್ 1966ರಲ್ಲಿ ಮಂಡಿಸಿದ ವಿಧಾನವೊಂದು ಈ ಎರಡನ್ನೂ ಜೋಡಿಸಲು ದಾರಿ ಮಾಡಿತು: ಅದರ ಒಂದು ರೂಪದಲ್ಲಿ, ತೆಳುವಾದ ನಾಳದೊಳಗೆ ಅಡ್ಡಹರಿವು ಕಣಗಳನ್ನು ಗೋಡೆಯತ್ತ ತಳ್ಳುತ್ತದೆ, ಚುರುಕಾಗಿ ವಿಸರಣಗೊಳ್ಳುವ ಚಿಕ್ಕ ಕಣಗಳು ಗೋಡೆಯಿಂದ ದೂರ ಸರಿದು, ವೇಗದ ಹರಿವಿಗೆ ಸಿಕ್ಕು ಮೊದಲು ಹೊರಬರುತ್ತವೆ. ನಾಳದ ತುದಿಯಲ್ಲಿರುವ ಉಪಕರಣಕ್ಕೆ ಆಗ ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದೇ ಗಾತ್ರದ ಕಣಗಳು ಎದುರಾಗುತ್ತವೆ.