ಕೋಟೆಪುರದ ದಂಡೆಗೂ ಸಕಲೇಶಪುರದ ಹಳ್ಳಕ್ಕೂ ಇರುವ ನಂಟು

ಸಕಲೇಶಪುರದ ಕಾಫಿ ತೋಟಗಳ ಮಗ್ಗುಲಲ್ಲಿ ಹರಿಯುವ ಎತ್ತಿನಹೊಳೆಯ ನೀರು ಗುಂಡ್ಯ ಹೊಳೆಯ ಜೊತೆ ಘಟ್ಟ ಇಳಿದು, ಕುಮಾರಧಾರೆಯನ್ನು ಕೂಡಿಕೊಂಡು, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಬೆರೆತು, ಕೊನೆಗೆ ಉಳ್ಳಾಲದ ಕೋಟೆಪುರದ ಬಳಿ ಕಡಲು ಸೇರುತ್ತದೆ. ಅಲ್ಲಿ ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ. ನಡುವಿನ ಮರಳ ಕೋಡಿಯ ಮೇಲೆ ಮೀನುಗಾರರ ಮನೆಗಳು. ನೇತ್ರಾವತಿಯೂ ಫಲ್ಗುಣಿಯೂ ಒಂದೇ ಅಳಿವೆ ಬಾಗಿಲಿನಿಂದ ಸಮುದ್ರಕ್ಕೆ ಹೋಗುತ್ತವೆ.

ಇಂಥ ದಂಡೆ ಎಂದೂ ನಿಂತಲ್ಲೇ ನಿಲ್ಲುವುದಿಲ್ಲ. ಮಳೆಗಾಲದ ಅಲೆ ಮರಳನ್ನು ಎಳೆದೊಯ್ಯುತ್ತದೆ, ನೆರೆ ಹೊಸ ಮರಳನ್ನು ತರುತ್ತದೆ, ಮಳೆ ಕಳೆದ ಮೇಲೆ ಶಾಂತವಾದ ಕಡಲು ಒಯ್ದದ್ದರಲ್ಲಿ ಬಹುಪಾಲನ್ನು ಮರಳಿಸುತ್ತದೆ. ಆದರೆ ಮಂಗಳೂರಿನ ಹಳೆ ಬಂದರಿಗೆ ಬರುವ ದೋಣಿಗಳಿಗೆ ಅಳಿವೆಯ ಮರಳದಿಬ್ಬ ಅಪಾಯವಾಗಿತ್ತು. ಆದ್ದರಿಂದ 1994ರಲ್ಲಿ ಅಳಿವೆಯ ಬೆಂಗ್ರೆ ಮತ್ತು ಉಳ್ಳಾಲ ಎರಡೂ ದಡಗಳಲ್ಲಿ ಅಲೆ ತಡೆಯುವ ಕಲ್ಲಿನ ಗೋಡೆ (ಬ್ರೇಕ್‌ವಾಟರ್) ಕಟ್ಟಲಾಯಿತು. ಬಾಗಿಲೇನೋ ಒಂದೆಡೆ ನೆಲೆಸಿತು. ದಂಡೆಯುದ್ದಕ್ಕೂ ಸಾಗುತ್ತಿದ್ದ ಮರಳಿನ ದಾರಿ ಮಾತ್ರ ಕೆಟ್ಟು, ಉಳ್ಳಾಲದ ಕಡೆ ಕಡಲ್ಕೊರೆತ ಬಲವಾಯಿತು. ತೆಂಗಿನ ಬುಡದ ಮಣ್ಣು ಜಾರಿ ಬೇರು ಗಾಳಿಗೆ ತೂಗುವುದು, ಮರುವಾರ ಮರವೇ ಉರುಳುವುದು ಅಲ್ಲಿನವರು ಮಳೆಗಾಲದಲ್ಲಿ ಕಾಣುವ ನೋಟ. ಲಾರಿಗಟ್ಟಲೆ ಕಲ್ಲು ಸುರಿದದ್ದಾಯಿತು. 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಮಂಜೂರಾಗಿ ಸಮುದ್ರದೊಳಗೇ ತಡೆದಿಬ್ಬಗಳನ್ನು ಕಟ್ಟುವ ಕೆಲಸವೂ ನಡೆಯಿತು.

ಘಟ್ಟದ ಮೇಲಿನ ಕಥೆ ಆಮೇಲಿನದು. 24.01 ಟಿಎಂಸಿ ನೀರನ್ನು ಮಳೆಗಾಲದಲ್ಲಿ ಪೂರ್ವದ ಬಯಲುಸೀಮೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ನಮ್ಮ ಸಕಲೇಶಪುರ ತಾಲ್ಲೂಕಿನಲ್ಲೇ ಚಾಲನೆಗೊಂಡಿತು. ಉಳ್ಳಾಲದ ಕೊರೆತ ಇದಕ್ಕೆ ಎಷ್ಟೋ ವರ್ಷ ಮೊದಲಿನದಾದ್ದರಿಂದ ಆ ತಪ್ಪನ್ನು ಇದರ ತಲೆಗೆ ಕಟ್ಟುವುದು ಸರಿಯಲ್ಲ. ಬಯಲುಸೀಮೆಯ ಬಾಯಾರಿಕೆಯೂ ಸುಳ್ಳಲ್ಲ. ನಮ್ಮ ಹಾಸನ ಜಿಲ್ಲೆಯ ಅರಸೀಕೆರೆಯೇ ಅದಕ್ಕೆ ಸಾಕ್ಷಿ. ನನ್ನ ತಕರಾರು ಇರುವುದು ತಿರುಗಿಸುವುದು ‘ಸುಮ್ಮನೆ ಸಮುದ್ರ ಸೇರುವ ನೀರು’ ತಾನೇ ಎಂದು ಯೋಜನೆಯ ಪರವಾಗಿ ಹೇಳುವ ಮಾತಿನ ಬಗ್ಗೆ. ಆ ನೀರು ಉಪ್ಪನ್ನು ಹಿಂದಕ್ಕೆ ತಳ್ಳುತ್ತದೆ, ಅಳಿವೆಯ ಕಾಣೆ ಮೀನಿಗೂ ಮರುವಾಯಿ ಚಿಪ್ಪಿಗೂ ಬೇಕಾದ ಸಿಹಿ-ಉಪ್ಪಿನ ಹದವನ್ನು ಕಾಯುತ್ತದೆ, ದಂಡೆಗೆ ಮರಳನ್ನು ಒದಗಿಸುತ್ತದೆ. ಹಳ್ಳಕ್ಕೆ ಅಡ್ಡಗಟ್ಟೆ ಬಿದ್ದಲ್ಲಿ ನೀರಿನ ವೇಗ ತಗ್ಗುತ್ತದೆ. ವೇಗ ತಗ್ಗಿದ ನೀರು ಮೊದಲು ಅಲ್ಲೇ ತಳಕ್ಕೆ ಬಿಟ್ಟುಬಿಡುವುದು ದಪ್ಪ ಮರಳನ್ನೇ.